ಒಣಗಿದ ಮ್ಯಾಲೆ ಮಾತಾಡೂಣು

ನಮ್ಮ ನಡುಮನೆಯ ಗೋಡೆಯ ಮೇಲೆ ಒಂದು ಚಿತ್ರವಿದೆ. ಒಂದೂವರೆ ಅಡಿ ಅಗಲ, ಎರಡಡಿ ಉದ್ದ. ಬಿಳಿಯ ನಡುವೆ ನೀಲಿ ಹರಿದಿದೆ, ಅಂಚಿಗೆ ಒಂದಿಷ್ಟು ಅರಿಶಿನ, ಮೂಲೆಯಲ್ಲಿ ಕುಂಕುಮದ ಬಣ್ಣದ ಎಳೆ. ಮನೆಗೆ ಬಂದವರು ಎದುರಿಗೆ ನಿಂತು ‘ಸಮುದ್ರವಾ?’ ಅನ್ನುತ್ತಾರೆ, ‘ಮೋಡವಾ?’ ಅನ್ನುತ್ತಾರೆ. ನಾನು ಎರಡಕ್ಕೂ ಹ್ಞೂಂ ಅನ್ನುತ್ತೇನೆ. ಅದು ಸಮುದ್ರವೂ ಅಲ್ಲ, ಮೋಡವೂ ಅಲ್ಲ. ಲೋಟದಲ್ಲಿ ಬೇರೆ ಬೇರೆ ಬಣ್ಣ ಒಂದರ ಮೇಲೊಂದು ಸುರಿದು, ಕ್ಯಾನ್ವಾಸಿನ ಮೇಲೆ ಬೋರಲು ಹಾಕಿ, ಆ ಕಡೆ ಈ ಕಡೆ ವಾಲಿಸಿದಾಗ ಬಣ್ಣ ತನಗೆ ತೋಚಿದಂತೆ ಹರಿದ ಗುರುತು. ಅದಕ್ಕೆ ಬ್ರಷ್ ಮುಟ್ಟಿಸುವಂತಿಲ್ಲ. ಬಂದವರೆಲ್ಲ ಮುಂಬದಿ ನೋಡಿ ಹೋಗುತ್ತಾರೆ. ನನಗೆ ಮುಖ್ಯವಾದದ್ದು ಹಿಂಬದಿ. ಅಲ್ಲಿ ಪೆನ್ಸಿಲಿನಲ್ಲಿ ಎರಡು ಸಾಲು ಬರೆದಿದೆ. ಬರೆದವರು ಹೋದ ತಿಂಗಳು ತೀರಿಕೊಂಡರು.

ಪುಣೆಯ ನಮ್ಮ ಸೊಸೈಟಿಯಲ್ಲಿ ಅರ್ಧ ಜನಕ್ಕೆ ಅವರ ನಿಜವಾದ ಹೆಸರು ಗೊತ್ತಿರಲಿಲ್ಲ. ಎಲ್ಲರಿಗೂ ಅವರು ಶೇಡ್ ಕಾಕಾ. ವಿಜಯಪುರದ ಕಡೆಯವರು. ಚಾಕಣದ ಕಾರು ಕಾರ್ಖಾನೆಯೊಂದರಲ್ಲಿ ಬಣ್ಣಕ್ಕೆ ಬಣ್ಣ ಹೊಂದಿದೆಯೋ ಇಲ್ಲವೋ ಎಂದು ನೋಡುವ ಕೆಲಸ ಮಾಡಿ ನಿವೃತ್ತರಾದವರು. ಕುಳ್ಳಗೆ, ಗುಂಡಗೆ, ಯಾವಾಗಲೂ ಬೂದು ಬಣ್ಣದ ಅಂಗಿ. ಬೇರೆ ಬಣ್ಣದ್ದು ಹಾಕಿಕೊಂಡರೆ ಅದರ ಛಾಯೆ ಎದುರಿನ ವಸ್ತುವಿನ ಮೇಲೆ ಬಿದ್ದು ಕಣ್ಣಿಗೆ ಮೋಸವಾಗುತ್ತದೆ ಎಂದು ಕೆಲಸದಲ್ಲಿ ಹತ್ತಿದ ರೂಢಿ, ನಿವೃತ್ತಿಯ ಮೇಲೂ ಬಿಟ್ಟಿರಲಿಲ್ಲ. ಮಗಳ ಮದುವೆಯ ಫೋಟೋದಲ್ಲೂ ಬೂದು ಅಂಗಿಯಲ್ಲೇ ನಿಂತಿದ್ದಾರೆ.

ನನ್ನ ವಿಷಯವೂ ಎರಡು ಮಾತು ಹೇಳಿಬಿಡಬೇಕು. ನಾನು ಗದಗದವಳು. ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತೈದು ವರ್ಷವಾಯಿತು. ವಿಮಾ ಕಚೇರಿಯೊಂದರಲ್ಲಿ ಕೆಲಸ. ಬಾಯಿ ಜೋರು ಎಂದು ತವರಿನಲ್ಲೂ ಹೆಸರಿತ್ತು, ಇಲ್ಲೂ ಇದೆ. ಮ್ಯಾನೇಜರನಿಗೂ ಮುಖದ ಮೇಲೆ ಹೇಳುತ್ತೇನೆ, ಸೊಸೈಟಿಯ ಚೇರ್‌ಮನ್ನನಿಗೂ ಹೇಳುತ್ತೇನೆ. ನನಗೆ ಅದರ ಬಗ್ಗೆ ಸಣ್ಣ ಹೆಮ್ಮೆಯೂ ಇತ್ತು. ಆ ಹೆಮ್ಮೆ ಈಗ ಅಷ್ಟಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ.

ಕಾಕಾ ಮೊದಲು ಸಿಕ್ಕಿದ್ದು ಪಾರ್ಕಿಂಗಿನಲ್ಲಿ. ಒಂದು ಭಾನುವಾರ ನಾನು ಕಾರು ಒರೆಸುತ್ತ, ಬಕೆಟ್ಟು ತರಲು ಹೋದವನು ಹರಟೆಗೆ ನಿಂತು ತಡವಾಗಿ ಬಂದ ನನ್ನ ಗಂಡನನ್ನು ಕನ್ನಡದಲ್ಲಿ ಬೈಯುತ್ತಿದ್ದೆ. ಬೂದು ಅಂಗಿಯ ಮನುಷ್ಯರೊಬ್ಬರು ಕೈ ಹಿಂದಕ್ಕೆ ಕಟ್ಟಿಕೊಂಡು ನಮ್ಮ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು.

“ಬೈಯೂದು ಕೇಳೇ ನಮ್ಮ ಕಡೇವ್ರು ಅಂತ ಗೊತ್ತಾತ್ರಿ,” ಎಂದರು. ಆಮೇಲೆ ಎಡಗಡೆಯ ಹಿಂದಿನ ಬಾಗಿಲು ತೋರಿಸಿ, “ಈ ಬಾಗಲಾ ಯಾವಾಗ ಹೊಡಿಸೀರಿ? ಕಂಪನೀದಲ್ಲ ಇದು. ಮಳಿಗಾಲದಾಗ ಹೊಡದಾರ, ಅವಸರ ಮಾಡ್ಯಾರ.”

ಬಾಗಿಲಿಗೆ ಬಣ್ಣ ಹೊಡೆಸಿದ ಸುದ್ದಿಯೇ ನನಗೆ ಗೊತ್ತಿರಲಿಲ್ಲ. ಗಂಡನ ಮುಖ ನೋಡಿದೆ. ಅವನು ಬಕೆಟ್ಟು ಅಲ್ಲೇ ಇಟ್ಟು ಲಿಫ್ಟಿನ ಕಡೆ ನಡೆದಿದ್ದ. ನಾನು ಜುಲೈನಲ್ಲಿ ತವರಿಗೆ ಹೋದಾಗ ಕಂಬಕ್ಕೆ ಉಜ್ಜಿ, ನಾನು ಬರುವುದರೊಳಗೆ ಸರಿ ಮಾಡಿಸಿಟ್ಟಿದ್ದನಂತೆ. ಅದಾದ ಮೇಲೆ ಆರು ತಿಂಗಳು ಅವನು ಕಾಕಾ ಇದ್ದ ಲಿಫ್ಟಿಗೆ ಹತ್ತುತ್ತಿರಲಿಲ್ಲ.

ಅವರ ಹೆಂಡತಿ, ನಾವು ಕಾಕೂ ಎನ್ನುತ್ತಿದ್ದೆವು, ದೌಂಡದವರು. ತಂದೆ ರೈಲ್ವೆಯಲ್ಲಿದ್ದರು. ಕಾಕಾ ಆಗ ಹತ್ತಿರದ ಕುರಕುಂಭದಲ್ಲಿ ಬಣ್ಣದ ಪುಡಿ ಮಾಡುವ ಫ್ಯಾಕ್ಟರಿಯಲ್ಲಿದ್ದರು. ಕನ್ಯೆ ನೋಡಲು ಬಂದವರ ಉಗುರೆಲ್ಲ ಹಸಿರಾಗಿತ್ತಂತೆ. “ನಮ್ಮಪ್ಪ ಒಳಗ ಬಂದು, ಹುಡುಗಗ ಏನೋ ರೋಗ ಅದ, ಬ್ಯಾಡ ಅಂದ್ರು. ಮುಂದಿನ ವಾರ ಮತ್ತ ಬಂದಾಗ ಉಗುರು ಕೆಂಪ ಇದ್ದೂ. ಆವಾಗ ಸಮಾಧಾನ ಆತ ನೋಡ್ರಿ ಅವರಿಗೆ,” ಎಂದು ಕಾಕೂ ಹೇಳುವಾಗ ಕಾಕಾ ಪಕ್ಕದಲ್ಲಿ ಕೂತು ಉಗುರು ನೋಡಿಕೊಳ್ಳುತ್ತಿದ್ದರು.

ಚಾಕಣಕ್ಕೆ ಬಂದ ಮೇಲೆ ಅವರ ಕೆಲಸ ಪುಡಿಯಿಂದ ಕಣ್ಣಿಗೆ ಬಂತು. ಕಾರಿನ ಮೈ ಒಂದು ಕಡೆ ಬಣ್ಣ ಕಾಣುತ್ತದೆ, ಬಂಪರ್ ಇನ್ನೊಂದು ಕಡೆ, ಪೆಟ್ರೋಲ್ ಮುಚ್ಚಳ ಮತ್ತೊಂದು ಕಡೆ. ಮೂರೂ ಬಂದು ಕೂಡಿದಾಗ ಒಂದೇ ತಾಯಿಯ ಮಕ್ಕಳ ಹಾಗೆ ಕಾಣಬೇಕು. ಯಂತ್ರ ಇತ್ತಂತೆ, ಆದರೆ ಕೊನೆಯ ಮಾತು ಕಣ್ಣಿನದು. ಬಿಸಿಲಿನಲ್ಲಿ ಒಮ್ಮೆ, ಟ್ಯೂಬ್‌ಲೈಟಿನಲ್ಲಿ ಒಮ್ಮೆ, ಹಳದಿ ಬಲ್ಬಿನಲ್ಲಿ ಒಮ್ಮೆ, ಹೀಗೆ ಮೂರು ಬೆಳಕಿನಲ್ಲಿ ನೋಡಿದ ಮೇಲೇ ಪಾಸು. ಈ ಚಟ ಮನೆಗೂ ಬಂದಿತ್ತು. ಲಕ್ಷ್ಮಿ ರಸ್ತೆಯ ಅಂಗಡಿಗಳಲ್ಲಿ ಕಾಕೂ ಆರಿಸಿದ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಇವರು ನೇರ ರಸ್ತೆಗೆ ಇಳಿಯುತ್ತಿದ್ದರು. ಹೊಸ ಅಂಗಡಿಯವರು ಹಿಂದೆ ಓಡಿ ಬರುತ್ತಿದ್ದರು. ಹಳಬರು ಕೂತಲ್ಲಿಂದಲೇ ‘ಕಾಕಾ, ಇಕಡೆ ಊನ್ ಆಹೆ’ ಎಂದು ಬಿಸಿಲಿದ್ದ ಕಡೆ ಕೈ ತೋರಿಸುತ್ತಿದ್ದರು.

ಸುರಿಯುವ ಚಿತ್ರಕಲೆ ಅವರಿಗೆ ಗಂಟು ಬಿದ್ದದ್ದು ಮಗಳ ಮೊಬೈಲಿನಲ್ಲಿ. ಯಾರೋ ಬಣ್ಣ ಸುರಿದು ವಾಲಿಸುವುದನ್ನು ನೋಡಿ, ‘ಇಷ್ಟ ಚೊಲೋ ಬಣ್ಣಾ ಹೆಂಗ ಹಾಳ ಮಾಡ್ಲಿಕ್ಕತ್ತಾನ ನೋಡ್’ ಎಂದು ಸಿಟ್ಟಾದರಂತೆ. ಮರುದಿನ ತಾವೇ ಬಣ್ಣ ತಂದರು. ಟೆರೇಸಿನ ಮೇಲೆ ಉತ್ತರಕ್ಕೆ ದೊಡ್ಡ ಕಿಟಕಿ ಇದ್ದ ಕೋಣೆಯೊಂದು ಖಾಲಿ ಇತ್ತು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಕ್ಲಾಸು. ನಾನು ಸೇರಿದೆ, ಇನ್ನೂ ಹತ್ತು ಹನ್ನೆರಡು ಜನ ಬಂದು ಹೋಗಿ ಮಾಡುತ್ತಿದ್ದರು. ಬಿಡದೆ ಬಂದವರೆಂದರೆ ಹೋಟೆಲ್ ಅಕ್ಕ. ಕುಂದಾಪುರದ ಕಡೆಯವರು, ನಮ್ಮ ರಸ್ತೆಯ ಮೂಲೆಯಲ್ಲಿ ಗಂಡನ ಜೊತೆ ಇಡ್ಲಿ ದೋಸೆಯ ಹೋಟೆಲ್ ನಡೆಸುತ್ತಾರೆ.

ಅಕ್ಕನಿಗೆ ಮೊದಲ ದಿನವೇ ಬಣ್ಣದ ಹದ ಸಿಕ್ಕಿಬಿಟ್ಟಿತು. ಕಾಕಾ ಮಿಶ್ರಣ ಎಷ್ಟು ತೆಳು ಇರಬೇಕೆಂದು ವಿವರಿಸುತ್ತಿರುವಾಗಲೇ ಅವರು ಕಡ್ಡಿ ಎತ್ತಿ ಬಣ್ಣ ಇಳಿಯುವುದನ್ನು ನೋಡಿ, “ಇದು ಸೆಟ್ ದೋಸೆ ಹಿಟ್ಟಾಯ್ತು ಮಾರಾಯ್ರೆ. ನೀರು ದೋಸೆಯಷ್ಟು ಬೇಡ, ಮಸಾಲೆ ದೋಸೆಯದ್ದು ಸಾಕು ಅಲ್ವಾ?” ಎಂದರು. ಕಾಕಾ ತಮ್ಮ ನೋಟುಬುಕ್ಕಿನಲ್ಲಿ ಅದನ್ನು ಬರೆದುಕೊಂಡರು. ಆಮೇಲೆ ಹೊಸಬರಿಗೆಲ್ಲ ಹಾಗೇ ಹೇಳುತ್ತಿದ್ದರು. ನೀರು ಬೆರೆಸಿದರೆ ಬಣ್ಣದ ಜೀವ ಹೋಗುತ್ತದೆ, ತೆಳು ಮಾಡುವ ಅಂಟಿನ ದ್ರವವನ್ನೇ ಹಾಕಬೇಕು ಎಂಬುದು ಅವರ ಮೊದಲ ಪಾಠ.

ನನ್ನ ಮೊದಲ ಚಿತ್ರ ಕೆಸರಾಯಿತು. ಕೆಂಪು, ಹಸಿರು, ಹಳದಿ, ನೇರಳೆ ಎಲ್ಲ ಹಾಕಿದ್ದೆ. ಕ್ಯಾನ್ವಾಸನ್ನು ಮೊರದಲ್ಲಿ ಅಕ್ಕಿ ಕೇರುವ ಹಾಗೆ ಆಡಿಸಿದೆ. ಮೊದಲು ಚೆಂದ ಕಂಡದ್ದು ಹತ್ತು ನಿಮಿಷದಲ್ಲಿ ಗಟಾರದ ನೀರಾಯಿತು. ಬಣ್ಣ ಸರಿಯಿಲ್ಲ, ಕಳಪೆ ಮಾಲು ಎಂದು ಕೂಗಾಡಿದೆ.

“ಬಣ್ಣ ಏನೂ ತಪ್ಪ ಮಾಡಿಲ್ರಿ,” ಎಂದರು ಕಾಕಾ ತಣ್ಣಗೆ. “ನಿಮ್ಮ ಕೈಗೆ ಸುಮ್ಮ ಇರಾಕ ಬರೂದಿಲ್ಲ. ಕೆಂಪ, ಹಸರು ಮಗ್ಗಲದಾಗ ಮಗ್ಗಲ ಕುಂಡ್ರಿಸಿದ್ರಿ. ಅವೆರಡಕ್ಕ ಆಗಿಬರೂದಿಲ್ಲ. ನಡುವ ಬಿಳೀದ ಇಡ್ರಿ. ನಾಕ ಸಲ ವಾಲಸ್ರಿ, ನಾಕ ಮೂಲಿಗೆ ನಾಕ ಸಲ. ಆಮ್ಯಾಲೆ ಕೈ ತಗೀರಿ.”

ನಾಲ್ಕು ಸಲ. ಅದು ಹೇಳುವಷ್ಟು ಸುಲಭವಲ್ಲ. ಇನ್ನೊಂದು ಸಲ ವಾಲಿಸಿದರೆ ಆ ಮೂಲೆ ಇನ್ನೂ ಚೆಂದವಾದೀತು ಅನಿಸುತ್ತದೆ, ಬಣ್ಣ ಕೆಡುವುದು ಅಲ್ಲಿಂದಲೇ. ನಾನು ಐದನೆಯ ಸಲ ಕೈ ಹಾಕಿದರೆ ಕಾಕಾ ಬಾಯಿ ಬಿಡುತ್ತಿರಲಿಲ್ಲ, ಪೆನ್ಸಿಲಿನಿಂದ ಮೇಜಿನ ಮೇಲೆ ಟಕ್ ಎಂದು ಒಮ್ಮೆ ಬಡಿಯುತ್ತಿದ್ದರು.

ಹಸಿ ಇರುವಾಗ ಹೊಗಳಿದರೆ ಅವರಿಗೆ ಆಗುತ್ತಿರಲಿಲ್ಲ. ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ಒಂದು ಮೆಟ್ಟಿಲು ಕಪ್ಪಿಗೆ ಇಳಿಯುತ್ತದೆ, ಅದನ್ನು ಲೆಕ್ಕ ಹಿಡಿದೇ ಕಲೆಸಬೇಕು. ಯಾರಾದರೂ ‘ವಾ! ಕಾಯ್ ರಂಗ್ ಆಲಾ’ ಎಂದರೆ ಸಾಕು, “ಒಣಗಿದ ಮ್ಯಾಲೆ ಮಾತಾಡೂಣು,” ಎಂದು ಮುಖ ತಿರುಗಿಸುತ್ತಿದ್ದರು. ಸಮಮಟ್ಟ ನೋಡುವ ಗೌಂಡಿಯ ಗುಳ್ಳೆಪಟ್ಟಿ ಇಟ್ಟು ಹಲಗೆ ಸರಿ ಮಾಡಿ, ಫ್ಯಾನು ಆರಿಸಿ, ಮೇಲೆ ರಟ್ಟಿನ ಡಬ್ಬಿ ಮುಚ್ಚಿ ಒಣಗಿಸಬೇಕು. ನಾಲ್ಕು ವಾರ ಬಿಟ್ಟು ವಾರ್ನಿಷ್. ಅದಕ್ಕೂ ಮೊದಲು ಹಚ್ಚಿದರೆ ಒಳಗಿನ ತೇವ ಸಿಕ್ಕಿಬಿದ್ದು ಬಣ್ಣ ಮಬ್ಬಾಗುತ್ತದೆ. ಸರಿಯಾದ ಹೊತ್ತಿಗೆ ಹಚ್ಚಿದರೆ ಹಸಿಯಲ್ಲಿದ್ದ ಹೊಳಪು ತಿರುಗಿ ಬರುತ್ತದೆ.

ಆಮೇಲೆ ಪರೀಕ್ಷೆ. ಚಿತ್ರವನ್ನು ಉತ್ತರದ ಕಿಟಕಿಗೆ ಹಿಡಿದು, ಟ್ಯೂಬ್‌ಲೈಟಿಗೆ ಹಿಡಿದು, ಬಲ್ಬಿಗೆ ಹಿಡಿದು ನೋಡಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ‘ಪಾಸ್’ ಎಂದು ಬರೆದು ಸಹಿ ಹಾಕುತ್ತಿದ್ದರು. ಇಲ್ಲದಿದ್ದರೆ ‘ಫೇಲ್’, ಯಾಕೆ ಎಂಬ ಎರಡು ಶಬ್ದ, ಅದರ ಕೆಳಗೆ ‘ನಾಕ ವಾರಕ್ಕ ಮತ್ತ ನೋಡೂದು.’ ಫೇಲಾದವರು ಅದೇ ಕ್ಯಾನ್ವಾಸಿನ ಮೇಲೆ ಮತ್ತೆ ಸುರಿದು ತರಬೇಕು. ಸರಿಯಾಗಿ ನಾಲ್ಕನೆಯ ಶನಿವಾರ ಹತ್ತು ಗಂಟೆಗೆ ಅವರು ಕಾಯುತ್ತ ಕೂತಿರುತ್ತಿದ್ದರು. ನಾನು ಮೂರು ಸಲ ಫೇಲಾಗಿದ್ದೇನೆ. ನಲವತ್ತೆಂಟನೆಯ ವಯಸ್ಸಿನಲ್ಲಿ ಒಂದು ಪಾಸಿಗಾಗಿ ನನ್ನ ಎದೆ ಡವಡವ ಅಂದದ್ದು ಗಂಡನಿಗೂ ಗೊತ್ತಿಲ್ಲ.

ಮೂರನೆಯ ವರ್ಷವಿರಬೇಕು, ಬಿಳಿ ಬಣ್ಣದ ಜಗಳ ಶುರುವಾಯಿತು. ಹೊಸ ಬಾಟಲಿ ತೆರೆದು ಕಾಕಾ, “ಇದು ಬಿಳೀದಲ್ಲ, ಹಳದಿ ತಿರಿಗೇದ. ಹಳೇ ಲಾಟ್ ಕೊಟ್ಟಾನ,” ಎಂದು ವಾಪಸು ಕಳಿಸಿದರು. ಎರಡನೆಯದೂ ಹಳದಿ. ಮೂರನೆಯದಕ್ಕೆ ತಾವೇ ಅಂಗಡಿಗೆ ಹೋಗಿ ಜಗಳವಾಡಿ ಬಂದರು. ಕೊನೆಗೆ ಬಿಳಿ ಧೋತ್ರಕ್ಕೆ ಹಾಕುವಂತೆ ಬಿಳಿ ಬಣ್ಣಕ್ಕೇ ನೀಲಿಯ ಹನಿ ಹಾಕತೊಡಗಿದರು. ನನಗೆ ಆ ಬಾಟಲಿಗಳು ಹಾಲಿನಷ್ಟೇ ಬೆಳ್ಳಗೆ ಕಂಡಿದ್ದವು. ಆದರೆ ಶೇಡ್ ಕಾಕಾನ ಕಣ್ಣಿನ ಎದುರು ನನ್ನ ಕಣ್ಣು ಯಾವ ಲೆಕ್ಕ ಎಂದುಕೊಂಡೆ.

ಗುಟ್ಟು ಬಿಚ್ಚಿದ್ದೂ ಹಾಲಿನಿಂದಲೇ. ಕ್ಲಾಸಿನ ದಿನ ಹೋಟೆಲಿನಿಂದ ಅಕ್ಕ ಏನಾದರೂ ತರುತ್ತಿದ್ದರು. ಅವತ್ತು ಕಾಕಾನಿಗೆ ಹೊಟ್ಟೆ ಸರಿಯಿಲ್ಲವೆಂದು ಬಿಸಿ ಹಾಲು ತಂದಿದ್ದರು. ಕಾಕಾ ಗಾಜಿನ ಲೋಟವನ್ನು ಕಿಟಕಿಗೆ ಹಿಡಿದು, “ಕೇಸರಿ ಯಾಕ ಹಾಕಿದ್ರಿ ಅಕ್ಕ, ಸುಮ್ಮ ಖರ್ಚು,” ಎಂದರು.

ಅಕ್ಕ ಕೇಸರಿ ಹಾಕಿರಲಿಲ್ಲ, ಸಕ್ಕರೆಯನ್ನೂ ಹಾಕಿರಲಿಲ್ಲ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮೆಟ್ಟಿಲು ಇಳಿಯುವಾಗ ಅಕ್ಕ ಹೇಳಿದರು, “ನಮ್ಮ ಅತ್ತೆಗೂ ಹೀಗೇ ಆಗಿತ್ತು. ಕಣ್ಣಿಗೆ ಪೊರೆ ಬಂದದ್ದು. ನೀವೇ ಹೇಳಿ ಅವರಿಗೆ. ನಿಮಗೆ ಹೇಳ್ಲಿಕ್ಕೆ ಬರ್ತದೆ, ನನಗೆ ಬಾಯಿ ಬರುದಿಲ್ಲ.”

ಸರಿ, ಮುಂದಿನ ಶನಿವಾರ ಹೇಳುತ್ತೇನೆ ಎಂದೆ.

ಮುಂದಿನ ಶನಿವಾರ ನಾನು ಬೇಗ ಹೋದೆ. ಕಾಕಾ ಒಬ್ಬರೇ ಕೂತು ಲೋಟ ತೊಳೆಯುತ್ತಿದ್ದರು. ಹೇಗೆ ಶುರು ಮಾಡಲಿ ಎಂದು, ಕಣ್ಣಿನ ಕೆಲಸ ಮಾಡುವವರಿಗೆ ವಯಸ್ಸಾದರೆ ಹೇಗೆ ಕಾಕಾ ಎಂದು ಸುತ್ತು ಬಳಸಿ ಕೇಳಿದೆ. ಅವರು ತಮ್ಮ ಸೀನಿಯರ್ ಒಬ್ಬರ ಕತೆ ಹೇಳಿದರು. ಕಾಕಾನಿಗೆ ಬಣ್ಣ ನೋಡುವುದನ್ನು ಕಲಿಸಿದ ಗುರು ಅವರು. ಒಂದು ವರ್ಷ ಅವರಿಗೆ ಕಪ್ಪು ಯಾವುದು, ಕಡುನೀಲಿ ಯಾವುದು ತಿಳಿಯದಂತಾಯಿತು. ಯಾರೂ ಬಾಯಿ ಬಿಡಲಿಲ್ಲ. ಕಾಕಾ ಹೋಗಿ ನೇರ ಅವರಿಗೇ ಹೇಳಿದರು. ಮರುದಿನ ಅವರು ತಾವಾಗಿ ಕೆಲಸ ಬಿಟ್ಟುಕೊಟ್ಟರು. ಕಂಪನಿ ಅವರನ್ನು ಗೇಟಿನಲ್ಲಿ ಕೂರಿಸಿತು.

“ಶೇಡ್ ನೋಡಾಂವಾ ಗೇಟಿನ್ಯಾಗ ಕುಂತು ಗಾಡಿ ನಂಬರ್ ಬರಕೋತಿದ್ದ. ಕಡೀತನಕಾ ನನ್ನ ಜೋಡಿ ಮಾತಾಡ್ಲಿಲ್ರಿ,” ಎಂದರು ಕಾಕಾ. ಲೋಟವನ್ನು ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು.

ನನ್ನ ಬಾಯಿ ಅಲ್ಲೇ ಕಟ್ಟಿಹೋಯಿತು. ಈ ಮನುಷ್ಯನ ಹತ್ತಿರ ಇರುವುದೇ ಅದೊಂದು ಕಣ್ಣು, ಅದನ್ನೂ ಕಸಿದುಕೊಂಡು ಗೇಟಿನಲ್ಲಿ ಕೂರಿಸಲಾ ಎನಿಸಿತು. ಈಗ ಯೋಚಿಸಿದರೆ ಅದು ಅರ್ಧ ನಿಜ. ನನ್ನ ಜೊತೆಗೂ ಮಾತು ಬಿಟ್ಟಾರು ಎಂಬ ಹೆದರಿಕೆ ಉಳಿದರ್ಧ. ಅಕ್ಕ ಕೇಳಿದಾಗ ‘ಹೊತ್ತು ನೋಡಿ ಹೇಳ್ತೀನಿ’ ಎಂದೆ. ಆ ಹೊತ್ತು ಎರಡು ವರ್ಷ ಬರಲಿಲ್ಲ.

ಆ ಎರಡು ವರ್ಷ ನಮ್ಮ ಕ್ಲಾಸಿನ ನೀಲಿಗಳು ಹುಚ್ಚೆದ್ದವು. ಕಾಕಾನಿಗೆ ನೀಲಿ ಎಲ್ಲ ಸಪ್ಪೆ ಕಾಣುತ್ತಿತ್ತು, ‘ಇನ್ನ ಹಾಕ್ರಿ, ಇನ್ನ ಹಾಕ್ರಿ’ ಎನ್ನುತ್ತಿದ್ದರು. ಕಾಕಾ ಹೇಳಿದಷ್ಟೂ ಅಕ್ಕ ಹಾಕಿದರು. ಅವರ ಹೋಟೆಲಿನಲ್ಲಿ ತೂಗುಹಾಕಿದ ಚಿತ್ರದ ಕೆಳಗೆ ಕೂತವರ ಇಡ್ಲಿಯೂ ನೀಲಿ ಹೊಡೆಯುತ್ತಿತ್ತು. ನನ್ನ ಈ ಚಿತ್ರ ಸುರಿಯುವಾಗಲೂ ಕಾಕಾ ಲೋಟ ನೋಡಿ, “ಇನ್ನ ಎರಡ ಚಮಚ ನೀಲಿ,” ಎಂದರು. ನಾನು ಬೆನ್ನು ತಿರುಗಿಸಿ ನಾಲ್ಕು ಹನಿ ಹಾಕಿದೆ. ಚಮಚವನ್ನು ಬಾಟಲಿಯ ಬಾಯಿಗೆ ಎರಡು ಸಲ ಬಡಿದು ಸದ್ದು ಮಾಡಿದೆ. ನಾಲ್ಕು ವಾರದ ಮೇಲೆ ಅವರು ಮೂರೂ ಬೆಳಕಿನಲ್ಲಿ ಅದನ್ನು ಹಿಡಿದು, “ಯಾಕೋ ಸ್ವಲ್ಪ ಸಪ್ಪಗ ಅನಸ್ತದ. ಇರ್ಲಿ, ಕೈ ಸುಧಾರಿಸೇದ,” ಎಂದು ಪಾಸ್ ಬರೆದರು. ಅಷ್ಟು ದಿನ ಹಂಬಲಿಸಿದ ಪಾಸು ಅದು. ಮನೆಗೆ ತಂದು ಗೋಡೆಗೆ ಹಾಕಿದೆ, ಆದರೆ ಅದರ ಕೆಳಗೆ ಕೂತು ಚಹಾ ಕುಡಿಯುವಾಗ ಕದ್ದ ಮಾಲು ಇಟ್ಟುಕೊಂಡ ಹಾಗಾಗುತ್ತಿತ್ತು.

ಕೊನೆಗೆ ಹೇಳಿದ್ದು ಡಾಕ್ಟರು. ಡ್ರೈವಿಂಗ್ ಲೈಸೆನ್ಸ್ ಮುಂದುವರಿಸಲು ಕಣ್ಣಿನ ಸರ್ಟಿಫಿಕೇಟು ಬೇಕೆಂದು ಹೋದಾಗ, ಎರಡೂ ಕಣ್ಣಿಗೆ ಪೊರೆ, ಬೆಳೆದು ವರ್ಷಗಳೇ ಆಗಿವೆ ಎಂದರಂತೆ. ಈ ವರ್ಷದ ಬೇಸಿಗೆಗೆ ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಒಂದು ವಾರದ ಮೇಲೆ ನಾನೂ ಅಕ್ಕನೂ ನೋಡಲು ಹೋದೆವು. ಕಾಕಾ ನಡುಮನೆಯಲ್ಲಿ ತಮ್ಮ ಚಿತ್ರಗಳನ್ನೆಲ್ಲ ಗೋಡೆಗೆ ಆನಿಸಿ ಸಾಲಾಗಿ ಇಟ್ಟು, ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಂದು ಕಣ್ಣು ಮುಚ್ಚುತ್ತಿದ್ದರು, ತೆರೆದು ಇನ್ನೊಂದು ಮುಚ್ಚುತ್ತಿದ್ದರು.

“ಈ ಕಣ್ಣು ಚಹಾ ತುಂಬಿದ ಗ್ಲಾಸು, ಈ ಕಣ್ಣು ನೀರ ತುಂಬಿದ ಗ್ಲಾಸು,” ಎಂದರು. “ಎಂಥಾ ನೀಲಿ ಹಾಕೀನ್ರಿ ಅಕ್ಕ! ನೀವೆಲ್ಲಾ ಹೆಂಗ ತಡಕೊಂಡ್ರಿ?”

ಅಕ್ಕ ನೆಲ ನೋಡಿದರು. ನಾನು ಗೋಡೆ ನೋಡಿದೆ.

ಆ ವಾರವೆಲ್ಲ ಅವರು ಸೊಸೈಟಿಯ ಗೇಟಿನ ಹೊರಗೆ ನಿಂತು ಹೋಗಿ ಬರುವ ಕಾರುಗಳನ್ನು ನೋಡುತ್ತಿದ್ದರಂತೆ. ತಾವು ಪಾಸು ಮಾಡಿದ ಬಂಪರುಗಳೂ ಹೀಗೇ ಆಗಿದ್ದರೆ ಎಂಬ ಚಿಂತೆ. ‘ಎಲ್ಲಾ ಬರೋಬ್ಬರಿ ಅವ’, ಒಂದರಲ್ಲೂ ತಪ್ಪಿಲ್ಲ, ಎಂದು ಬಂದ ದಿನ ಎರಡು ಚಪಾತಿ ಹೆಚ್ಚು ತಿಂದರು ಎಂದು ಕಾಕೂ ಹೇಳಿದರು. ಕಾರಿನ ಚಿಂತೆ ಕಳೆದ ಮೇಲೆ ಚಿತ್ರಗಳ ಕಡೆ ತಿರುಗಿದರು. ತಪ್ಪು ಕಂಡರೆ ಕಂಪನಿ ಮಾರಿದ ಗಾಡಿಯನ್ನೂ ವಾಪಸು ಕರೆಸುತ್ತದಲ್ಲ, ಹಾಗೆ ಎರಡು ವರ್ಷದಲ್ಲಿ ತಾವು ಪಾಸು ಮಾಡಿದ್ದನ್ನೆಲ್ಲ ಮತ್ತೆ ನೋಡುತ್ತೇನೆಂದು ಹೊರಟರು. ಜೇಬಿನಲ್ಲಿ ಪೆನ್ಸಿಲು, ರಬ್ಬರು. ಮನೆಮನೆಗೆ ಹೋಗಿ ಚಿತ್ರ ಇಳಿಸಿ, ಕಿಟಕಿಗೆ ಹಿಡಿದು, ತಮ್ಮದೇ ಸಹಿ ಒರೆಸತೊಡಗಿದರು. ಹೋಟೆಲಿನಲ್ಲಿ ಕುರ್ಚಿ ಹತ್ತಿ ಅಕ್ಕನ ಚಿತ್ರ ಇಳಿಸಿದರು. ಅಕ್ಕ ಅಡ್ಡ ಬಂದರು: “ಎಂತ ಮಾರಾಯ್ರೆ ನೀವು! ನನಗೆ ಅದೇ ಚಂದ ಕಾಣ್ತದೆ, ಬಿಡಿ.” ಕಾಕಾ ಪಾಸ್ ಒರೆಸಿ, ಚಿತ್ರವನ್ನು ಮತ್ತೆ ಮೊಳೆಗೆ ಹಾಕಿ, ಇಡ್ಲಿ ತಿಂದು ಬಂದರು.

ನಮ್ಮ ಮನೆಗೆ ಬಂದದ್ದು ಕೊನೆಗೆ. ಶನಿವಾರ, ಹತ್ತು ಗಂಟೆ. ಚಿತ್ರವನ್ನು ಬಾಲ್ಕನಿಗೆ ಒಯ್ದರು. ಹೊಸ ಕಣ್ಣಿನಿಂದ ನೋಡಿದರು, ಹಳೆಯ ಕಣ್ಣಿನಿಂದ ನೋಡಿದರು, ಮತ್ತೆ ಹೊಸ ಕಣ್ಣಿನಿಂದ. ನಾನು ಚಹಾದ ಟ್ರೇ ಹಿಡಿದು ನಿಂತೇ ಇದ್ದೆ.

“ಇದು ಚೊಲೋ ಅದ,” ಎಂದರು ಮೆಲ್ಲಗೆ. “ಬಿಳೀದು ಬೆಳ್ಳಗದ, ನೀಲಿ ತನ್ನ ಜಾಗಾದಾಗ ಅದ. ನಾ ಎರಡ ಚಮಚ ಅಂದಿದ್ನೆಲ್ರಿ?”

“ಹೌದ್ರಿ.”

“ನೀವು ಹಾಕಿಲ್ಲ.”

“ಇಲ್ರಿ. ನಾಕ ಹನಿ ಹಾಕಿದೆ.”

“ಯಾಕ?”

ಈಗಲೂ ಸುಳ್ಳು ಹೇಳಬಹುದಿತ್ತು. ಕೈ ಜಾರಿತು ಎನ್ನಬಹುದಿತ್ತು. “ನಿಮ್ಮ ಕಣ್ಣಿಗೆ ಪೊರಿ ಬಂದದ ಅಂತ ಗೊತ್ತಿತ್ರಿ ಕಾಕಾ. ಹಾಲಿನ ದಿನಾನ ಗೊತ್ತಾಗಿತ್ತು,” ಎಂದೆ.

ಅವರು ಚಿತ್ರವನ್ನು ಕೆಳಗಿಟ್ಟರು. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು.

“ನಾ ನಮ್ಮ ಸೀನಿಯರ್‌ಗೆ ಹೇಳಿದೆ,” ಎಂದರು. “ಅವರು ಮಾತು ಬಿಟ್ರು, ಖರೆ. ಆದ್ರ ಅವರ ಹೆಸರಿನ್ಯಾಗ ಒಂದ ಗಾಡೀನೂ ವಾಪಸ್ ಬರ್ಲಿಲ್ಲ. ನಾ ಈ ವಾರ ಹನ್ನೊಂದ ಮನಿ ಹೊಸ್ತಿಲಾ ತುಳದು ನನ್ನ ಸಹಿ ಅಳಸಿ ಬಂದೆ. ಎಲ್ಲಾರಿಗೂ ಹೇಳ್ತೀರಿ ನೀವು. ನನಗ ಹೇಳಬೇಕಿತ್ತು.”

ಚಹಾ ಮುಟ್ಟಲಿಲ್ಲ. ಚಿತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ನಾನು ಬಾಗಿಲ ತನಕ ಹಿಂದೆ ಹೋಗಿ, “ಕಾಕಾ, ನಂದ ತಪ್ಪಾತ್ರಿ. ಒಂದ ಮಾತ ಕೇಳ್ರಿ,” ಎಂದೆ.

“ಇನ್ನೂ ಹಸಿ ಅದ,” ಎಂದರು ಅವರು ಲಿಫ್ಟಿನ ಗುಂಡಿ ಒತ್ತುತ್ತ. “ಒಣಗಿದ ಮ್ಯಾಲೆ ಮಾತಾಡೂಣು.”

ಮುಂದಿನ ಎರಡು ಶನಿವಾರ ಕ್ಲಾಸು ಇರಲಿಲ್ಲ. ಎಡಗಣ್ಣಿನ ಆಪರೇಷನ್ ಆದ ಮೇಲೆ ಶುರು ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಪಾರ್ಕಿಂಗಿನಲ್ಲಿ ಒಮ್ಮೆ ಸಿಕ್ಕಾಗ ‘ಆರಾಮ?’ ಎಂದು ಕೇಳಿದರು, ‘ಆರಾಮ್ರಿ’ ಎಂದೆ, ಅಷ್ಟೇ. ಮೂರನೆಯ ವಾರ, ಶುಕ್ರವಾರ ಸಂಜೆ, ಚಹಾ ಕುಡಿದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಎದೆ ನಿಂತಿತ್ತು ಎಂದರು ಡಾಕ್ಟರು.

ನನ್ನ ಬಾಯಿಯನ್ನು ನಾನು ಅಷ್ಟು ದ್ವೇಷಿಸಿದ್ದು ಅದೇ ಮೊದಲು. ಬೇಕಾದಾಗ ತೆರೆಯಲಿಲ್ಲ, ತೆರೆದಾಗ ತಡವಾಗಿತ್ತು.

ಐದನೆಯ ದಿನ ಹೋದಾಗ ಕಾಕೂ ಒಳಗಿನಿಂದ ಹಳೆಯ ಬೂದು ಅಂಗಿಯಲ್ಲಿ ಸುತ್ತಿದ ಒಂದು ಗಂಟು ತಂದು ಕೊಟ್ಟರು. “ನಿಮ್ಮದಂತ ಇದು. ತಂದ ದಿನಾನ ಏನೋ ಬರದು ಇಟ್ಟಿದ್ರು. ಶನಿವಾರ ಕೊಡಬೇಕು, ನೆನಪ ಮಾಡು ಅಂದಿದ್ರು,” ಎಂದರು. ಯಾವ ಶನಿವಾರ ಎಂದು ಅವರಿಗೆ ತಿಳಿದಿರಲಿಲ್ಲ.

ಮನೆಗೆ ತಂದು ಬಿಚ್ಚಿದೆ. ಹಿಂಬದಿಯ ಹಳೆಯ ಪಾಸ್ ಒರೆಸಿಹಾಕಿದ್ದರು, ರಬ್ಬರಿನ ಗುರುತು ಬೂದಾಗಿ ಉಳಿದಿತ್ತು. ಕೆಳಗೆ ಹೊಸದಾಗಿ, ತಿದ್ದಿದಷ್ಟು ದುಂಡಗಿನ ಅಕ್ಷರದಲ್ಲಿ:

‘ನಾಕ ಹನಿ ಬರೋಬ್ಬರಿ. ಕಣ್ಣು ಪಾಸ್. ಬಾಯಿ ಫೇಲ್.

ನಾಕ ವಾರಕ್ಕ ಮತ್ತ ನೋಡೂದು.’

ಕೆಳಗೆ ಸಹಿ, ತಾರೀಖು. ಬೆರಳು ಮಡಚಿ ಎಣಿಸಿದೆ. ನಾಲ್ಕು ವಾರ ತುಂಬುವುದು ಬರುವ ಶನಿವಾರಕ್ಕೆ. ಅವರು ನನ್ನ ಜೊತೆ ಮಾತು ಬಿಟ್ಟಿರಲಿಲ್ಲ, ಒಣಗಲೆಂದು ಬಿಟ್ಟಿದ್ದರು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಕಾರಿನ ಬಾಗಿಲಿನ ಕಾಲದಲ್ಲಿ ಕಾಕಾನನ್ನು ಕಂಡರೆ ಓಡುತ್ತಿದ್ದ ನನ್ನ ಗಂಡ ನೀರು ತಂದು ಪಕ್ಕದಲ್ಲಿ ಕೂತ.

ಆ ಶನಿವಾರ ಹತ್ತು ಗಂಟೆಗೆ ಚಿತ್ರ ಹಿಡಿದುಕೊಂಡು ಟೆರೇಸಿಗೆ ಹೋದೆ. ಕಾಕೂನ ಹತ್ತಿರ ಕೀಲಿ ಕೇಳಿ ತಂದಿದ್ದೆ. ಅಕ್ಕ ನನಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು, ಕೈಯಲ್ಲಿ ಹಾಲಿನ ಲೋಟ. ಕೋಣೆ ತೆರೆದು, ಉತ್ತರದ ಕಿಟಕಿಯ ಹತ್ತಿರದ ಕಾಕಾನ ಕುರ್ಚಿಗೆ ಚಿತ್ರವನ್ನು ಆನಿಸಿ ಇಟ್ಟೆ. ಬೆಳಕು ಚೆನ್ನಾಗಿತ್ತು.

“ಕಾಕಾ,” ಎಂದೆ, ಅವರು ಕೂತಿದ್ದರೆ ಎಷ್ಟು ಜೋರಾಗಿ ಹೇಳುತ್ತಿದ್ದೆನೋ ಅಷ್ಟೇ ಜೋರಾಗಿ. “ಹಾಲಿಗೆ ಕೇಸರಿ ಹಾಕಿಲ್ರಿ. ನಿಮ್ಮ ಕಣ್ಣಿಗೆ ಪೊರಿ ಬಂದದ. ನಾಳೆ ಡಾಕ್ಟರ್ ಕಡೆ ಹೋಗೂಣು, ನಾ ಬರ್ತೀನಿ ನಿಮ್ಮ ಜೋಡಿ.”

ಹೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಕ್ಕ ಹಾ‌ಲಿನ ಲೋಟವನ್ನು ಕುರ್ಚಿಯ ಪಕ್ಕದ ಮೇಜಿನ ಮೇಲಿಟ್ಟರು. ಅಲ್ಲೇ ಕಾಕಾನ ಪೆನ್ಸಿಲು ಬಿದ್ದಿತ್ತು.